ಒಂದೇ ಪಂಕ್ತಿ

— ದೊಡ್ಡಪ್ಪ, ಸೇವೆ ಮಾಡಿ ಹೆಸರು ಪಡೆದವರ ಬಗ್ಗೆ ಓದುವಾಗ ನಾನು ಮೊದಲು ಹುಡುಕೋದು ಅವರ ಹೆಂಡತಿ ಮಕ್ಕಳನ್ನ. ಎಷ್ಟೋ ಪುಸ್ತಕಗಳಲ್ಲಿ ಅವರು ಎರಡು ಸಾಲಿಗೆ ಮುಗಿದುಹೋಗ್ತಾರೆ. ಮದುವೆಯಾಯಿತು, ಮಕ್ಕಳಾದವು ಅಂತ ಬರೆದು ಮತ್ತೆ ಸೇವೆಯ ಕಥೆಗೆ ಹೊರಟುಬಿಡ್ತಾರೆ. ನೀವು ಅಷ್ಟು ಮೆಚ್ಚುವ ಜಾರ್ಜಿಯಾದ ಆ ಪಾಸ್ಟರ್ ಕ್ಲಾರೆನ್ಸ್ ಜಾರ್ಡನ್‌ಗೆ ನಾಲ್ಕು ಮಕ್ಕಳು. ಆತನ ನಂಬಿಕೆಯಿಂದಾಗಿ ಅವರು ಇದ್ದ ಜಾಗದ ಮೇಲೆ ಗುಂಡು ಹಾರಿತು, ಶಾಲೆಯಲ್ಲಿ ಅವರನ್ನು ಗೋಳುಹೊಯ್ದುಕೊಂಡರು. ಅಪ್ಪ ಆದವನು ಮಕ್ಕಳ ಪಾಲಿಗೆ ಇದನ್ನು ತಂದಿಡಬಹುದಾ?

— ನೇರವಾಗಿ ನೋಯುವ ಜಾಗಕ್ಕೇ ಕೈ ಹಾಕಿದೆ. ಇರಲಿ, ಅದನ್ನು ಬಿಟ್ಟು ಆತನ ಬಗ್ಗೆ ಮಾತಾಡೋದರಲ್ಲಿ ಅರ್ಥವಿಲ್ಲ. ಆದರೆ ಮೊದಲು ಆತ ಏನು ಕಟ್ಟಲು ಹೊರಟ ಅನ್ನೋದನ್ನ ನೋಡಬೇಕು. ಇಲ್ಲದಿದ್ದರೆ ಹೆಂಡತಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಊರುಸೇವೆಗೆ ಹೋದ ಇನ್ನೊಬ್ಬ ಗಂಡಸಿನ ಕಥೆಯಾಗಿ ಕಾಣುತ್ತೆ. ಇದು ಆ ಕಥೆ ಅಲ್ಲ ಅಂತ ನನ್ನ ವಾದ.

— ಹಾಗಾದರೆ ಮೊದಲಿಂದ ಹೇಳಿ. ಬ್ಯಾಪ್ಟಿಸ್ಟ್ ಅಂದರೆ ಯಾರು ಅನ್ನೋದೇ ನನಗೆ ಸರಿಯಾಗಿ ಗೊತ್ತಿಲ್ಲ. ಮಂಗಳೂರಿನ ಬಾಸೆಲ್ ಮಿಷನ್‌ನವರು ಗೊತ್ತು, ಊರಿನ ಕ್ಯಾಥೊಲಿಕ್ ಫಾದರ್ ಗೊತ್ತು.

— ನಮ್ಮ ಭಾಷೆಗೂ ಅವರಿಗೂ ಹಳೆಯ ನಂಟಿದೆ ಕಣಮ್ಮ. 1817ರಲ್ಲಿ ಬಂಗಾಳದ ಶ್ರೀರಾಮಪುರದಿಂದ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್. ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಚಪ್ಪಲಿ ಹೊಲಿಯುತ್ತಾ ಪಾಸ್ಟರ್ ಆಗಿದ್ದವನು. ಅವರಲ್ಲಿ ಎಳೆಮಕ್ಕಳಿಗೆ ದೀಕ್ಷಾಸ್ನಾನ ಇಲ್ಲ. ಬುದ್ಧಿ ಬಂದ ಮೇಲೆ ತಾನೇ ನಂಬಿ, ತಾನೇ ಬಾಯಿಬಿಟ್ಟು ಹೇಳಿದವನನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ಎಬ್ಬಿಸ್ತಾರೆ. ಇನ್ನೊಂದು, ಅವರಿಗೆ ಮೇಲೊಬ್ಬ ಬಿಷಪ್ ಇಲ್ಲ. ಒಂದೊಂದು ಊರಿನ ಸಭೆಯೂ ಸ್ವತಂತ್ರ. ಪಾಸ್ಟರನ್ನು ಕರೆಯೋದು, ಕಳಿಸೋದು, ಸದಸ್ಯರನ್ನು ಸೇರಿಸೋದು, ತೆಗೆಯೋದು ಎಲ್ಲ ಆ ಸಭೆಯ ಮತದಿಂದಲೇ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತೆ. ಅಮೆರಿಕದ ದಕ್ಷಿಣ ಭಾಗದ ಬ್ಯಾಪ್ಟಿಸ್ಟರು 1845ರಲ್ಲಿ ಉತ್ತರದವರಿಂದ ಒಡೆದು ಬೇರೆಯಾದರು. ಗುಲಾಮರನ್ನು ಇಟ್ಟುಕೊಂಡವನು ಮಿಷನರಿ ಆಗಬಹುದು ಅನ್ನೋದು ಅವರ ಪಟ್ಟು. ಆ ಸಭೆಗಳ ಒಕ್ಕೂಟ ಅದಕ್ಕಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಜಾರ್ಡನ್ ಹುಟ್ಟಿ ಬೆಳೆದದ್ದು ಈ ಸಭೆಗಳ ನೆರಳಲ್ಲಿ.

— 1912ರಲ್ಲಿ, ಟಾಲ್‌ಬಟನ್ ಅನ್ನೋ ಪುಟ್ಟ ಊರಲ್ಲಿ. ಅಪ್ಪನದು ಬ್ಯಾಂಕು, ಅಂಗಡಿ. ಹತ್ತು ಮಕ್ಕಳ ತುಂಬು ಸಂಸಾರ. ಅಲ್ಲಿವರೆಗೆ ಓದಿದ್ದೀನಿ.

— ಮನೆಯ ಹತ್ತಿರವೇ ಜೈಲಿತ್ತು. ಕಾಲಿಗೆ ಸರಪಳಿ ಹಾಕಿ ರಸ್ತೆ ಕೆಲಸ ಮಾಡಿಸುವ ಕೈದಿಗಳು, ಹೆಚ್ಚಿನವರು ಕಪ್ಪು ಜನ. ಹುಡುಗ ಅವರ ಹತ್ತಿರ ಹೋಗಿ ನಿಲ್ಲುತ್ತಿದ್ದ, ಅಡುಗೆಯವನು ಕೊಟ್ಟರೆ ತಿನ್ನುತ್ತಿದ್ದ. ಒಂದು ಸಂಜೆ ಸಭೆಯಲ್ಲಿ ಜೈಲಿನ ಅಧಿಕಾರಿ ದೇವರ ಪ್ರೀತಿಯ ಹಾಡನ್ನು ಕಣ್ಣು ತುಂಬಿಕೊಂಡು ಹಾಡಿದ. ಅದೇ ರಾತ್ರಿ ಒಬ್ಬ ಕೈದಿಯನ್ನು ಕೈಕಾಲು ಎಳೆಯುವ ಚೌಕಟ್ಟಿಗೆ ಕಟ್ಟಿದ್ದರು. ಅವನ ನರಳಾಟ ಹುಡುಗನ ಹಾಸಿಗೆಗೆ ಕೇಳಿಸಿತು. ಎಳೆಯವಯಸ್ಸಲ್ಲಿ ಇಂಥದ್ದು ಕಂಡವನು ಒಂದೋ ದೇವರನ್ನು ಬಿಡ್ತಾನೆ, ಇಲ್ಲವೇ ಆ ಹಾಡಿನ ಅರ್ಥಕ್ಕೆ ಅಂಟಿಕೊಳ್ತಾನೆ. ಈತ ಎರಡನೆಯವನು. ನನಗೆ ಈತ ಹತ್ತಿರದವನಾಗಿ ಕಂಡಿದ್ದು ಮುಂದಿನ ಹೆಜ್ಜೆಯಿಂದ. ನೇರ ಧರ್ಮ ಓದೋಕೆ ಹೋಗಲಿಲ್ಲ, ಕೃಷಿ ಓದಿದ. ಗೇಣಿಗೆ ಉಳುವವರ ಬಡತನ ನೀಗಿಸಬೇಕಾದರೆ ಮಣ್ಣಿನ ವಿದ್ಯೆ ಬೇಕು ಅಂತ. 1933ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಕೃಷಿ ಪದವಿ ಸಿಕ್ಕಿತು. ಆಗ ಸೈನ್ಯದ ಅಧಿಕಾರಿಯಾಗುವ ತರಬೇತಿಯೂ ನಡೆದಿತ್ತು. ಕುದುರೆ ಓಡಿಸಿಕೊಂಡು ಹುಲ್ಲಿನ ಬೊಂಬೆಗಳನ್ನು ಕತ್ತಿಯಿಂದ ಕಡಿಯುವ ಅಭ್ಯಾಸ. ವೈರಿಯನ್ನು ಪ್ರೀತಿಸು ಅನ್ನೋ ಮಾತನ್ನು ಬಾಯಿಪಾಠ ಮಾಡಿದ್ದ ಹುಡುಗ ಕುದುರೆ ಇಳಿದು ಬಂದು, ನನಗೆ ಈ ಕೆಲಸ ಬೇಡ ಅಂದುಬಿಟ್ಟ.

— ಆಮೇಲೆ ಲೂಯಿವಿಲ್‌ನ ಧರ್ಮಶಾಲೆ, ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯಲ್ಲಿ ಡಾಕ್ಟರೇಟ್. ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದ ಫ್ಲಾರೆನ್ಸ್ ಕ್ರೋಗರ್ ಜೊತೆ 1936ರಲ್ಲಿ ಮದುವೆ. ಆಕೆಯ ಬಗ್ಗೆ ನನಗೆ ಇನ್ನಷ್ಟು ಬೇಕಿತ್ತು.

— ಮದುವೆಗೆ ಮೊದಲೇ ಆತ ಹೇಳಿದ್ದನಂತೆ, ದೊಡ್ಡ ಪಟ್ಟಣದ ದೊಡ್ಡ ಚರ್ಚಿನ ಪಾಸ್ಟರನ ಹೆಂಡತಿ ಆಗುವ ಆಸೆ ಇದ್ದರೆ ನನ್ನನ್ನು ಮಾಡಿಕೊಳ್ಳಬೇಡ, ಜಾರ್ಜಿಯಾಗೆ ವಾಪಸ್ ಹೋಗಿ ಬಡವರ ನಡುವೆ ಏನಾದರೂ ಮಾಡುವವನು ನಾನು, ಅಂತ. ಆಕೆ ಗೊತ್ತಿದ್ದೇ ಒಪ್ಪಿದಳು. ಇದನ್ನು ನಾನು ತಕ್ಕಡಿಗೆ ಹಾಕ್ತೀನಿ.

— ಒಬ್ಬಳ ಒಪ್ಪಿಗೆ ಸಿಕ್ಕಿತು ಅಂತಿಟ್ಟುಕೊಳ್ಳೋಣ. ಮುಂದೆ?

— 1942. ಯುದ್ಧದ ಕಾಲ. ಬರ್ಮಾದಲ್ಲಿ ಮಿಷನರಿಗಳಾಗಿದ್ದ ಮಾರ್ಟಿನ್ ಮತ್ತು ಮೇಬಲ್ ಇಂಗ್ಲೆಂಡ್ ದಂಪತಿ, ಜಾರ್ಡನ್ ದಂಪತಿ, ಈ ಎರಡು ಕುಟುಂಬ ಸೇರಿ ಸಮ್ಟರ್ ಕೌಂಟಿಯಲ್ಲಿ ಅಮೆರಿಕಸ್ ಅನ್ನೋ ಪೇಟೆಯ ಹತ್ತಿರ 440 ಎಕರೆ ಕೊಂಡರು. ಹತ್ತಿ ಬೆಳೆದು ಬೆಳೆದು ಸೊರಗಿದ ಮಣ್ಣು, ಮರವಿಲ್ಲದ ಬಯಲು. ಗ್ರೀಕಿನಲ್ಲಿ ಕೂಡುಬಾಳು ಅನ್ನೋ ಅರ್ಥದ ಕೊಯ್ನೋನಿಯಾ ಅಂತ ಹೆಸರಿಟ್ಟರು. ಅಪೊಸ್ತಲರ ಕೃತ್ಯಗಳಲ್ಲಿ ಮೊದಲ ಕ್ರೈಸ್ತರು ಇದ್ದದ್ದನ್ನೆಲ್ಲ ಒಟ್ಟಿಗೆ ಹಾಕಿ, ಬೇಕಾದವರಿಗೆ ಬೇಕಾದಷ್ಟು ಹಂಚಿಕೊಂಡು ಬಾಳಿದರು ಅಂತ ಬರುತ್ತಲ್ಲ, ಆ ಕೂಡುಬಾಳು ಅವರ ಮನಸ್ಸಲ್ಲಿತ್ತು. ಪದವಿ ಇದ್ದರೂ ಕೈಯಾರೆ ಬೇಸಾಯ ಮಾಡಿ ಅಭ್ಯಾಸವಿಲ್ಲ. ಬೆಳಿಗ್ಗೆ ಮಾಡು ಹತ್ತಿ ಪಕ್ಕದ ಹೊಲದವರು ಏನು ಮಾಡ್ತಿದ್ದಾರೆ ಅಂತ ನೋಡೋದು, ಅವರು ಉತ್ತರೆ ತಾವೂ ಉಳೋದು, ಅವರು ಬಿತ್ತಿದರೆ ತಾವೂ ಬಿತ್ತೋದು. ಆತನೇ ಇದನ್ನು ನಕ್ಕು ಹೇಳಿಕೊಳ್ಳುತ್ತಿದ್ದ.

— ನಿಮ್ಮ ಮುಖ ಅರಳಿತು ದೊಡ್ಡಪ್ಪ.

— ಅರಳದೆ ಇರುತ್ತಾ? ಕೃಷಿ ಇಲಾಖೆಯಲ್ಲಿ ಇಷ್ಟು ವರ್ಷ ಇದ್ದು, ಕಲಿತವನು ಹಳ್ಳಿಗೆ ಹೋಗಿ ರೈತನಿಂದ ಕಲಿಯೋಕೆ ಎಷ್ಟು ಹಿಂಜರಿಯುತ್ತಾನೆ ಅಂತ ಬಲ್ಲೆ. ಈತ ಕಲಿತ, ಕಲಿಸಿದ. ಹತ್ತಿ ಒಂದನ್ನೇ ನಂಬಿದ್ದ ಸೀಮೆಗೆ ಕೋಳಿ ಸಾಕಣೆ ತಂದ. ಅಕ್ಕಪಕ್ಕದ ರೈತರಿಗೂ ಮರಿ ಸಾಕೋದು, ಮೊಟ್ಟೆ ಆರಿಸೋದು, ಮಾರೋದು ತೋರಿಸಿಕೊಟ್ಟ. ಕಡಲೆಕಾಯಿ ಕಟಾವಿಗೆ ಹೊಲದಲ್ಲೇ ಓಡಾಡುವ ಯಂತ್ರವೊಂದನ್ನು ತಾನೇ ಮಾಡಿಕೊಂಡ. ನನಗೆ ಎಲ್ಲಕ್ಕಿಂತ ಇಷ್ಟ ಅವರ ಹಸುವಿನ ಲೈಬ್ರರಿ. ಬಡವರ ಮನೆಯಲ್ಲಿ ಮಕ್ಕಳಿಗೆ ಹಾಲಿಲ್ಲ. ಕೊಯ್ನೋನಿಯಾದಿಂದ ಕರೆಯುವ ಹಸುವನ್ನು ದುಡ್ಡಿಲ್ಲದೆ ಹೊಡೆದುಕೊಂಡು ಹೋಗಬಹುದು. ಬತ್ತಿದ ಮೇಲೆ ತಂದು ಕಟ್ಟಿ, ಕರೆಯುವ ಇನ್ನೊಂದನ್ನು ಒಯ್ಯಬಹುದು. ಬತ್ತಿದ ಹಸುವಿನ ಮೇವಿನ ಖರ್ಚು ಬಡವನ ತಲೆಗೆ ಬರಲ್ಲ. ದಾನ ಕೊಟ್ಟು ಕೈತೊಳೆದುಕೊಳ್ಳೋದು ಸುಲಭ. ಬಡವನ ಮನೆಯಲ್ಲಿ ಹಾಲು ನಿಲ್ಲದ ಹಾಗೆ ಲೆಕ್ಕ ಹಾಕೋದಕ್ಕೆ ಅವನ ಅಡುಗೆಮನೆ ಗೊತ್ತಿರಬೇಕು.

— ಇಷ್ಟೇ ಆಗಿದ್ದರೆ ಊರು ಅವರನ್ನು ತಲೆಮೇಲೆ ಹೊತ್ತು ಮೆರೆಸುತ್ತಿತ್ತು.

— ಹೊತ್ತು ಮೆರೆಸುತ್ತಿತ್ತು, ನಿಜ. ಕೆಟ್ಟದ್ದು ಊಟದಲ್ಲಿ. ಮಧ್ಯಾಹ್ನ ಹೊಲದ ಕೆಲಸ ನಿಲ್ಲಿಸಿದಾಗ ಕೂಲಿಗೆ ಬಂದ ಕಪ್ಪು ಜನರೂ ಜಾರ್ಡನ್ ಮನೆಯವರೂ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದರು. ಕೆಲಸ ಒಟ್ಟಿಗೆ ಮಾಡಬಹುದು, ಕೂಲಿ ಕೊಡಬಹುದು, ಅವರ ಕಾಯಿಲೆ ಕಸಾಲೆಗೆ ಔಷಧಿಯನ್ನೂ ಕೊಡಬಹುದು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಹಾಗಿಲ್ಲ. ಪಂಕ್ತಿ ಅಂದರೆ ಏನು ಅಂತ ನಿನಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬಿಳಿಯರೇ ಮೇಲು ಅಂತ ಕಪ್ಪು ಜನರನ್ನು ಹೆದರಿಸಿ ಬಡಿಯುವ ಗುಪ್ತ ಕೂಟ ಕ್ಲಾನ್‌ನವರು ಬಂದು, ಕಪ್ಪು ಜನರ ಜೊತೆ ಉಣ್ಣುವವರ ಮೇಲೆ ಈ ಸೀಮೆಯಲ್ಲಿ ಸೂರ್ಯ ಮುಳುಗೋಕೆ ನಾವು ಬಿಡಲ್ಲ ಅಂದರು. ಜಾರ್ಡನ್ ಅವರ ಕೈ ಹಿಡಿದು ಕುಲುಕಿ, ಸೂರ್ಯನಿಗೆ ಅಪ್ಪಣೆ ಕೊಡುವವರ ಬಗ್ಗೆ ಧರ್ಮಶಾಲೆಯಲ್ಲಿ ಓದಿದ್ದೆ, ಕಣ್ಣಾರೆ ಕಾಣುವ ಭಾಗ್ಯ ಬರುತ್ತೆ ಅಂದುಕೊಂಡಿರಲಿಲ್ಲ ಅಂದ. ಬಂದವರೂ ನಕ್ಕುಬಿಟ್ಟರು. ಅವತ್ತು ಸೂರ್ಯ ಎಂದಿನಂತೆ ಮುಳುಗಿದ.

— ಎದೆಗಾರಿಕೆ ಇತ್ತು, ಒಪ್ಪಿದೆ. ಆದರೆ ಸಭೆಯಿಂದ ಹೊರಗೆ ಹಾಕಿದ್ದು ಒಬ್ಬ ಭಾರತೀಯನ ನೆವದಿಂದ ಅಂತಲ್ಲ? ಅದನ್ನು ಓದಿ ನನಗೆ ಮೈ ಜುಮ್ಮೆಂದಿತು.

— ಜಾರ್ಡನ್ ಕುಟುಂಬ ಹತ್ತಿರದ ರೆಹೊಬೋತ್ ಬ್ಯಾಪ್ಟಿಸ್ಟ್ ಸಭೆಯ ಸದಸ್ಯರು. ಆತ ಅಲ್ಲಿ ಹಾಡಿಸುತ್ತಿದ್ದ, ಪಾಠ ಹೇಳುತ್ತಿದ್ದ. ಒಳಗೊಳಗೇ ಅಸಮಾಧಾನ ಬೆಳೆದಿತ್ತು. 1950ರಲ್ಲಿ ಫ್ಲಾರಿಡಾದಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಯೊಬ್ಬ ಕೊಯ್ನೋನಿಯಾ ನೋಡೋಕೆ ಬಂದ. ಹಿಂದೂ. ಪ್ರಾಟೆಸ್ಟೆಂಟರ ಆರಾಧನೆ ಹೇಗಿರುತ್ತೆ ನೋಡಬೇಕು ಅಂದ. ಭಾನುವಾರ ಕರೆದುಕೊಂಡು ಹೋದರು. ಒಳಗೆ ಬಂದವನ ಮೈಬಣ್ಣ ನೋಡಿ ಇಡೀ ಸಭೆ ಬೆಚ್ಚಿತು. ವೇಷ ಹಾಕಿಸಿ ಕಪ್ಪು ಮನುಷ್ಯನನ್ನು ನುಗ್ಗಿಸಿದ್ದಾರೆ ಅನ್ನೋ ಗುಮಾನಿ ಕೆಲವರಿಗೆ. ಸಮುದ್ರ ದಾಟಿ ಭಾರತಕ್ಕೆ ಮಿಷನರಿ ಕಳಿಸೋಕೆ ಕಾಣಿಕೆ ಹಾಕುವ ಸಂಪ್ರದಾಯದ ಜನ, ಅದೇ ಭಾರತದವನು ತಾನಾಗಿ ಬಂದು ಬಾಗಿಲಲ್ಲಿ ನಿಂತಾಗ ಬೆಂಚು ಬಿಟ್ಟುಕೊಡಲಿಲ್ಲ. ಈ ಒಂದು ಚಿತ್ರ ನನ್ನನ್ನು ವರ್ಷಗಟ್ಟಲೆ ಕಾಡಿದೆ.

— ಆಮೇಲೆ ಡೀಕನ್‌ಗಳು ಮಾತಿಗೆ ಬಂದರು.

— ಸಭೆಯ ಹಿರಿಯರು ಬಂದಾಗ ಜಾರ್ಡನ್ ಬೈಬಲನ್ನೇ ಅವರ ಕೈಗಿಟ್ಟು, ನಾನು ಎಲ್ಲಿ ತಪ್ಪಿದೆ ತೋರಿಸಿ ಅಂದನಂತೆ. ಅದು ಕೈಯಿಂದ ಕೈಗೆ ಹೋಗಿ ಕೊನೆಗೆ ಒಬ್ಬರು ಮೇಜಿಗೆ ಕುಕ್ಕಿ, ಈ ಬೈಬಲ್ ಮಾತು ಬೇಡ ಅಂದರಂತೆ. ಆಮೇಲೆ ಬಂತು ಮತದಾನದ ದಿನ. ಹೇಳಿದ್ದೆನಲ್ಲ, ಬಿಷಪ್ ಇಲ್ಲ, ಸಭೆಯೇ ತೀರ್ಪುಗಾರ. ಕಪ್ಪು ಜನರನ್ನು ಬಿಳಿಯರ ಸಭೆಗೆ ತಂದರು, ನಮ್ಮ ರೀತಿ ರಿವಾಜಿಗೆ ವಿರುದ್ಧ ನಡೆದರು ಅಂತ ಆರೋಪ ಓದಿದರು. ಸಭೆಯಲ್ಲಿ ಉಸಿರಿಲ್ಲ. ಯಾರಾದರೂ ಎದ್ದು ಸೂಚನೆ ಮಂಡಿಸಬೇಕು, ಯಾರಿಗೂ ಏಳೋಕೆ ಮನಸ್ಸಿಲ್ಲ. ಆಗ ಎದ್ದವಳು ಫ್ಲಾರೆನ್ಸ್. ಹಿರಿಯರ ಶಿಫಾರಸನ್ನು ಓದಿದ ಹಾಗೇ ಅಂಗೀಕರಿಸಬೇಕು ಅಂತ ಸೂಚಿಸ್ತೀನಿ ಅಂದಳು.

— ತನ್ನನ್ನು ಹೊರಹಾಕುವ ಸೂಚನೆಯನ್ನು ತಾನೇ ಮಂಡಿಸಿದಳಾ!

— ಹೌದು. ಜನ ತಬ್ಬಿಬ್ಬಾದರು. ಆಕೆಯ ವಿರುದ್ಧ ಮತ ಹಾಕಬೇಕು ಅಂದರೆ ಅವರನ್ನು ಉಳಿಸಿಕೊಂಡ ಹಾಗಾಗುತ್ತೆ. ಪರವಾಗಿ ಹಾಕಿದರೆ ಆಕೆ ಹೇಳಿದ ಹಾಗೆ ಕೇಳಿದಂತಾಗುತ್ತೆ. ಕೊನೆಗೆ ಹೊರಹಾಕಿದರು. ಮುಗಿದ ಮೇಲೆ ಎದ್ದು ಹೋಗೋಕಾಗದೆ ಕೆಲವರು ಕೂತಲ್ಲೇ ಅತ್ತರು. ಮಾರನೆಯ ದಿನ ಒಬ್ಬ ಮುದುಕ ಕೊಯ್ನೋನಿಯಾಕ್ಕೆ ಬಂದು, ನಾನೂ ಇದಕ್ಕೆ ಸೇರಿದೆ, ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಆ ಸಭೆಯನ್ನೇ ಬಿಟ್ಟುಬಿಡ್ತೀನಿ ಅಂತ ಕಣ್ಣೀರಿಟ್ಟ. ಜಾರ್ಡನ್, ಬಿಡಬೇಡಿ, ಅಲ್ಲೇ ಇರಿ, ನಿಮ್ಮನ್ನೂ ಅವರು ಹೊರಹಾಕುವ ಹಾಗೆ ಬದುಕಿ ಅಂದ. ಈಗ ನೀನು ಹೇಳು, ಫ್ಲಾರೆನ್ಸ್ ಎರಡು ಸಾಲಿನಲ್ಲಿ ಮುಗಿದುಹೋಗುವ ಹೆಂಗಸಾ?

— ಅಲ್ಲ. ಇದನ್ನು ಕೇಳಿದ ಮೇಲೆ ಆಕೆಯನ್ನು ಬಲಿಯಾದವಳು ಅನ್ನೋಕೆ ನನಗೆ ಬಾಯಿ ಬರಲ್ಲ. ಹಾಗಂದರೆ ಆಕೆಯಿಂದಲೇ ಆಕೆಯ ಧೈರ್ಯ ಕಿತ್ತುಕೊಂಡ ಹಾಗೆ. ಆದರೆ ನನ್ನ ಪ್ರಶ್ನೆಯ ಅರ್ಧ ಮಾತ್ರ ತೀರಿತು. ಮಕ್ಕಳು ಯಾವ ಸಭೆಯಲ್ಲಿ ಎದ್ದು ಸೂಚನೆ ಮಂಡಿಸಿದರು?

— ಬರ್ತೀನಿ ಅಲ್ಲಿಗೆ. 1956ರಲ್ಲಿ ಇಬ್ಬರು ಕಪ್ಪು ವಿದ್ಯಾರ್ಥಿಗಳು ಅಟ್ಲಾಂಟಾದ ಬಿಳಿಯರ ಕಾಲೇಜೊಂದಕ್ಕೆ ಅರ್ಜಿ ಹಾಕಬೇಕಿತ್ತು. ಶಿಫಾರಸು ಮಾಡೋಕೆ ಜಾರ್ಡನ್ ಮುಂದೆ ಬಂದ. ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಊರಿಗೆ ಊರೇ ಬಹಿಷ್ಕಾರ ಹಾಕಿತು. ಗೊಬ್ಬರ ಕೊಡಲ್ಲ, ಬೀಜ ಕೊಡಲ್ಲ, ಪೆಟ್ರೋಲ್ ಹಾಕಲ್ಲ, ವಿಮೆ ರದ್ದು, ಬ್ಯಾಂಕಿನ ಸಾಲ ಇಲ್ಲ. ಮೊಟ್ಟೆ ಕೊಳ್ಳುವವರಿಲ್ಲ, ಕಷ್ಟಪಟ್ಟು ಬೆಳೆಸಿದ ಕೋಳಿ ಫಾರಂ ಮುಚ್ಚಿತು. ಹೆದ್ದಾರಿ ಪಕ್ಕದ ಅವರ ಅಂಗಡಿಗೆ ಆ ವರ್ಷ ಜುಲೈಯಲ್ಲಿ ಡೈನಮೈಟ್ ಇಟ್ಟರು. ಮುಂದಿನ ಜನವರಿಯಲ್ಲಿ ಅದನ್ನು ಪೂರ್ತಿ ನೆಲಸಮ ಮಾಡಿದರು. ರಾತ್ರಿ ಕಾರಿನಲ್ಲಿ ಬಂದು ಮನೆಗಳ ಮೇಲೆ ಗುಂಡು. ಮಕ್ಕಳು ವಾಲಿಬಾಲ್ ಆಡುತ್ತಿದ್ದ ಕಡೆಗೂ ಗುಂಡು. ಕೊಯ್ನೋನಿಯಾದವರು ಬಂದೂಕು ಹಿಡಿಯಲಿಲ್ಲ. ದೀಪ ಹಚ್ಚಿ ರಸ್ತೆ ಪಕ್ಕ ಬರಿಗೈಲಿ ಕಾವಲು ಕೂತರು. ನ್ಯೂಯಾರ್ಕಿನಲ್ಲಿ ಬಡವರ ನಡುವೆ ದುಡಿಯುತ್ತಿದ್ದ ಡೊರೊತಿ ಡೇ 1957ರಲ್ಲಿ ಬಂದು ಆ ಕಾವಲಿಗೆ ಕೂತಾಗ ಆಕೆ ಕೂತಿದ್ದ ಕಾರಿಗೂ ಗುಂಡು ಬಿತ್ತು. ಅಮೆರಿಕಸ್‌ನಲ್ಲಿ ಪಶು ಆಹಾರದ ಒಂದು ಅಂಗಡಿ ಅವರಿಗೆ ಮಾಲು ಕೊಟ್ಟಿತು ಅಂತ ಅದಕ್ಕೂ ಬಾಂಬ್ ಇಟ್ಟರು. ಆ ಸ್ಫೋಟ ಅಕ್ಕಪಕ್ಕದ ಕಟ್ಟಡಗಳನ್ನೂ ಅಲುಗಿಸಿದಾಗ ಊರ ಪ್ರಮುಖರು ನಿಯೋಗ ಕಟ್ಟಿಕೊಂಡು ಬಂದರು. ಬಾಂಬ್ ಇಟ್ಟವರನ್ನು ಹಿಡೀತೀವಿ ಅನ್ನೋಕಲ್ಲ, ನೀವು ದಯವಿಟ್ಟು ಊರು ಬಿಡಿ ಅನ್ನೋಕೆ.

— ಯಾಕೆ ಬಿಡಲಿಲ್ಲ? ಬೇರೆ ಕಡೆ ಹೋಗಿ ಅದೇ ಕೆಲಸ ಮಾಡಬಹುದಿತ್ತು.

— ಹಾಗೆ ಕೇಳಿದವರು ಬಹಳ ಜನ. ಬಡಕಲು ಮಣ್ಣನ್ನು ಹದಕ್ಕೆ ತಂದು, ಮರ ನೆಟ್ಟು, ಎಳೆಯ ಮಗುವೊಂದನ್ನು ಅಲ್ಲೇ ಮಣ್ಣು ಮಾಡಿದ ಜನಕ್ಕೆ ಆ ನೆಲ ಬರೀ ಆಸ್ತಿ ಆಗಿರಲ್ಲ. ಅದಕ್ಕಿಂತ ಮುಖ್ಯ ಕಾರಣ ಇನ್ನೊಂದು. ಇವರು ಹೋದರೆ ಅಲ್ಲಿನ ಕಪ್ಪು ಕೂಲಿಯವರು ಎಲ್ಲಿಗೆ ಹೋಗಬೇಕು? ಇವರ ಜೊತೆ ಉಂಡ ತಪ್ಪಿಗೆ ಅವರೂ ಗುರಿಯಾಗಿದ್ದರು. ಇಷ್ಟಾದರೂ ಅನೇಕರು ಬಿಟ್ಟರು. 1956ರ ಸುಮಾರಿಗೆ ಅಲ್ಲಿ ಅರವತ್ತರಷ್ಟು ಜನ ಇದ್ದರು. ಕೆಲವು ವರ್ಷಗಳಲ್ಲಿ ಬೆರಳೆಣಿಕೆಯ ಕುಟುಂಬ ಉಳಿದವು. ಊರಲ್ಲಿ ಮಾರಲಾಗದ ಮಾಲನ್ನು ಟಪಾಲಿನಲ್ಲಿ ದೇಶಕ್ಕೆಲ್ಲ ಮಾರುವ ಉಪಾಯ ಹುಡುಕಿದರು. ಅಕ್ರೋಟಿನ ಜಾತಿಯ ಪೀಕನ್ ಬೀಜ, ಅದರ ಸಿಹಿತಿಂಡಿ. ಅಮೆರಿಕ ಸರ್ಕಾರದ ಅಂಚೆಗೆ ಊರಿನವರು ಬಹಿಷ್ಕಾರ ಹಾಕೋಕೆ ಆಗಲ್ಲವಲ್ಲ. ಆ ಪೊಟ್ಟಣಗಳೇ ಅವರನ್ನು ಉಳಿಸಿದವು. ಈಗಲೂ ಆ ವ್ಯಾಪಾರ ನಡೀತಿದೆ. ಇಷ್ಟೆಲ್ಲ ಉಂಡ ಮೇಲೆ, ಮುಂದೆ ಕಪ್ಪು ಜನರ ಹಕ್ಕಿನ ಹೋರಾಟದಲ್ಲಿ ಅಂಗಡಿಗಳ ಬಹಿಷ್ಕಾರ ಬಂದಾಗ ಜಾರ್ಡನ್ ಅದಕ್ಕೆ ಪೂರ್ತಿ ಮನಸ್ಸು ಕೊಡಲಿಲ್ಲ. ತನ್ನವರ ಕೈಯಲ್ಲಿದ್ದರೂ ಅದು ಅದೇ ಆಯುಧ ಅಂತ ಆತನಿಗೆ ಅನ್ನಿಸಿತ್ತು.

— ಈಗ ಮಕ್ಕಳು.

— ಈಗ ಮಕ್ಕಳು. ನೀನೇ ಹೇಳು, ಶಾಲೆಯಲ್ಲಿ ಪಾಠ ಮಾಡುವವಳು ನೀನು.

— ಶಾಲೆ ಅಂದರೆ ಏನು ಅಂತ ಗೊತ್ತಿರೋದರಿಂದಲೇ ನನಗೆ ಈ ಭಾಗ ಓದೋದು ಕಷ್ಟ ಆಯಿತು ದೊಡ್ಡಪ್ಪ. ದೊಡ್ಡವರಿಗೆ ಸಂಜೆ ಹೊತ್ತಿಗೆ ಒಂದೇ ಮೇಜಿಗೆ ಕೂರುವ ತಮ್ಮವರು ಇದ್ದರು. ಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೆ ಬೈಗುಳದ ನಡುವೆ ಕೂರಬೇಕಿತ್ತು. 1960ರಲ್ಲಿ ಕೊಯ್ನೋನಿಯಾದ ಮೂವರು ಮಕ್ಕಳಿಗೆ ಅಮೆರಿಕಸ್ ಹೈಸ್ಕೂಲು ಸೀಟೇ ಕೊಡಲಿಲ್ಲ, ಅವರಲ್ಲಿ ಜಾರ್ಡನ್ ಮಗಳೂ ಒಬ್ಬಳು. ಬಿಳಿಯ ಮಕ್ಕಳೇ, ಆದರೂ ಅಪ್ಪ ಅಮ್ಮನ ನಂಬಿಕೆಗಾಗಿ ಬಾಗಿಲು ಹಾಕಿದರು. ಕೇಂದ್ರದ ನ್ಯಾಯಾಲಯಕ್ಕೆ ಹೋಗಬೇಕಾಯಿತು. ನ್ಯಾಯಾಧೀಶ ವಿಲಿಯಂ ಬೂಟಲ್ ಸೇರಿಸಿಕೊಳ್ಳಿ ಅಂತ ಆದೇಶ ಕೊಟ್ಟರು. ನ್ಯಾಯಾಲಯ ಸೀಟು ಕೊಡಿಸಬಹುದು, ಪಕ್ಕದಲ್ಲಿ ಕೂರುವ ಗೆಳತಿಯನ್ನು ಕೊಡಿಸೋಕಾಗಲ್ಲ. 1964ರಲ್ಲಿ ಆ ಶಾಲೆಗೆ ಮೊದಲ ಸಲ ನಾಲ್ವರು ಕಪ್ಪು ಮಕ್ಕಳು ಬಂದಾಗ, ಅವರ ಕಾರಿನಲ್ಲೇ ಕೊಯ್ನೋನಿಯಾದ ಇನ್ನೊಬ್ಬ ಪಾಸ್ಟರನ ಮಗನೂ ಕೂತು ಹೋದ. 1965ರಲ್ಲಿ ಅವನ ಪದವಿ ಪ್ರದಾನದ ದಿನ ಹೂಯ್ಲಿಟ್ಟರು, ಹೊರಗೆ ಕಲ್ಲು ಹೊಡೆದರು. ಹದಿನೇಳು ಹದಿನೆಂಟರ ಹುಡುಗ. ನನ್ನ ತರಗತಿಯಲ್ಲಿ ಆ ವಯಸ್ಸಿನವರಿಗೆ ಒಬ್ಬ ಗೆಳೆಯ ಮಾತು ಬಿಟ್ಟರೆ ಊಟ ಸೇರಲ್ಲ.

— ಅವನಿಗೆ ಆ ಕಾರು ಹತ್ತಲೇಬೇಕು ಅಂತ ಯಾರೂ ಹೇಳಿರಲಿಲ್ಲ. ತಾನೇ ಹತ್ತಿದ.

— ಮನೆಯ ಗಾಳಿಯೇ ಹೇಳಿತ್ತು. ಬೆಳೆದ ಮನೆ ಮಗುವಿನ ಬಾಯಲ್ಲಿ ಮಾತಾಡುತ್ತೆ. ಅದನ್ನು ಪೂರ್ತಿ ಅವನ ಆಯ್ಕೆ ಅಂತ ಹೇಗೆ ಅನ್ನಲಿ?

— ಹಾಗಾದರೆ ರೆಹೊಬೋತ್ ಸಭೆಯ ಮಕ್ಕಳು? ಕಲ್ಲು ಹೊಡೆದವರು? ಅವರಿಗೂ ಮನೆಯ ಗಾಳಿಯೇ ಹೇಳಿಕೊಟ್ಟಿತ್ತು. ಅಪ್ಪ ಅಮ್ಮನ ನಂಬಿಕೆಯ ಹೊರೆ ಹೊರದೆ ಬೆಳೆಯುವ ಮಗು ಯಾವ ಊರಲ್ಲಿದೆ? ಅವರ ಪಾಲಿಗೆ ಬಂದ ಹೊರೆ ಅವತ್ತು ಹಗುರ ಅನ್ನಿಸಿತು. 2006ರಲ್ಲಿ, ನಲವತ್ತೊಂದು ವರ್ಷ ಆದ ಮೇಲೆ, ಆ ತರಗತಿಯವರಲ್ಲಿ ಕೆಲವರು ಅದೇ ಹುಡುಗನಿಗೆ ಕ್ಷಮೆ ಕೇಳಿ ಕಾಗದ ಬರೆದು ಸಹಪಾಠಿಗಳ ಸಮ್ಮಿಲನಕ್ಕೆ ಕರೆದರು. ಅಷ್ಟು ವರ್ಷ ಅವರೂ ಏನನ್ನೋ ಹೊತ್ತಿದ್ದರು ಅಂತ ಆಯಿತಲ್ಲ.

— ಆ ಕಾಗದಗಳ ಬಗ್ಗೆ ಓದುವಾಗ ನನಗೂ ಗಂಟಲು ಕಟ್ಟಿತು. ಆದರೂ ಒಂದು ಮಾತು. ಬರೆಯದೆ ಉಳಿದವರೂ ಇದ್ದಾರೆ. ಎಲ್ಲ ಮಕ್ಕಳಿಗೂ ಅಂಥ ಕಾಗದ ಬಂದಿಲ್ಲ. ಜಾರ್ಡನ್ ಮಕ್ಕಳಿಗೆ ಆತ ಏನು ಕೊಟ್ಟ, ಅದನ್ನು ಹೇಳಿ.

— ತನ್ನ ಸಮಯ ಕೊಟ್ಟ, ತನ್ನ ನೆಲ ಕೊಟ್ಟ. ದೊಡ್ಡ ಪಟ್ಟಣದ ಪಾಸ್ಟರ್ ಆಗಿದ್ದರೆ ಮಕ್ಕಳು ಅಪ್ಪನನ್ನು ಭಾನುವಾರ ಪುಲ್ಪಿಟ್ಟಿನ ಮೇಲೆ ನೋಡುತ್ತಿದ್ದರು. ಇಲ್ಲಿ ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಊಟದಲ್ಲಿ ಜೊತೆಗೇ ಇದ್ದ. ಹೊರಗೆ ಹೇಳಿದ್ದಕ್ಕೂ ಮನೆಯಲ್ಲಿ ನಡೆದದ್ದಕ್ಕೂ ವ್ಯತ್ಯಾಸ ಕಾಣದೆ ಬೆಳೆದ ಮಕ್ಕಳು ಅವರು. ಜೈಲಿನ ಅಧಿಕಾರಿಯ ಹಾಡು ಕೇಳಿದವನಿಗೆ ಇದು ಎಷ್ಟು ದೊಡ್ಡದು ಅಂತ ಯೋಚನೆ ಮಾಡು. ಆದರೆ ನೀನು ಹೇಳೋದನ್ನ ನಾನು ತಳ್ಳಿಹಾಕಲ್ಲ. ಆ ಹೊರೆ ನಿಜ. ಆತನಿಗೂ ಅದು ಚುಚ್ಚದೆ ಇದ್ದಿರಲಾರದು.

— ಒಡಹುಟ್ಟಿದವರ ಪ್ರೀತಿಯೂ ಉಳಿಯಲಿಲ್ಲವಲ್ಲ. ತಮ್ಮ ರಾಬರ್ಟ್ ವಕೀಲ. ಕೊಯ್ನೋನಿಯಾ ಪರ ವಾದಿಸು ಅಂದರೆ ಆಗಲ್ಲ ಅಂದ.

— ರಾಜಕೀಯದಲ್ಲಿ ಮುಂದೆ ಬರುವ ಆಸೆ ಇತ್ತು, ಕಳೆದುಕೊಳ್ಳೋದು ಬಹಳ ಇತ್ತು. ಇಬ್ಬರೂ ಹುಡುಗರಾಗಿದ್ದಾಗ ಒಂದೇ ಸಭೆಯಲ್ಲಿ ಯೇಸುವನ್ನು ಹಿಂಬಾಲಿಸ್ತೀವಿ ಅಂತ ನಿಂತವರು. ಅದನ್ನು ನೆನಪಿಸಿದಾಗ ತಮ್ಮ, ನಾನೂ ಹಿಂಬಾಲಿಸ್ತೀನಿ, ಒಂದು ಮಟ್ಟದವರೆಗೆ ಅಂದ. ಆ ಮಟ್ಟ ಶಿಲುಬೆಯಾ ಅಂತ ಅಣ್ಣ ಕೇಳಿದ. ಶಿಲುಬೆಯವರೆಗೂ ಬರ್ತೀನಿ, ಅದರ ಮೇಲೆ ಏರಲ್ಲ ಅಂದ ತಮ್ಮ. ಹಾಗಾದರೆ ನೀನು ಮೆಚ್ಚುವವನು, ಶಿಷ್ಯನಲ್ಲ ಅಂದ ಅಣ್ಣ. ರಾಬರ್ಟ್ ಮುಂದೆ ಜಾರ್ಜಿಯಾದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ. ಅವನನ್ನು ನಾನು ಕೆಟ್ಟವನು ಅನ್ನಲ್ಲ. ನಮ್ಮಲ್ಲಿ ಹೆಚ್ಚಿನವರು ನಿಲ್ಲೋದು ಅವನು ನಿಂತ ಜಾಗದಲ್ಲೇ.

— ಆತ ಮಾಡಿದ ಸುವಾರ್ತೆಯ ಅನುವಾದದಲ್ಲೂ ಇದೇ ಹಟ ಇದೆ. ಗ್ರೀಕ್‌ನಿಂದ ನೇರವಾಗಿ ಹತ್ತಿ ಸೀಮೆಯ ಆಡುಮಾತಿಗೆ. ಯೇಸು ಹುಟ್ಟೋದು ಜಾರ್ಜಿಯಾದ ಗೇನ್ಸ್‌ವಿಲ್‌ನಲ್ಲಿ, ಯೆರೂಸಲೇಮ್ ಬದಲು ಅಟ್ಲಾಂಟಾ, ಶಿಲುಬೆಗೇರಿಸೋದರ ಬದಲು ಗುಂಪು ಸೇರಿ ಕೊಲ್ಲೋದು.

— ಹೊಲದಲ್ಲಿದ್ದ ಚಿಕ್ಕ ಗುಡಿಸಲಲ್ಲಿ ಕೂತು ಬರೆಯುತ್ತಿದ್ದ. ಅದು 1968ರಿಂದ ಪುಸ್ತಕಗಳಾಗಿ ಬಂತು. ಆದರೆ ನನಗೆ ಆತ ಕೊನೆಗೆ ಹಿಡಿದ ಕೆಲಸ ಹೆಚ್ಚು ಹೇಳಬೇಕೆನಿಸುತ್ತೆ. ನಿನ್ನ ಪ್ರಶ್ನೆಗೂ ಅದಕ್ಕೂ ಸಂಬಂಧ ಇದೆ. 1965ರಲ್ಲಿ ಅಲಬಾಮಾದ ಮಿಲ್ಲಾರ್ಡ್ ಫುಲ್ಲರ್ ಅನ್ನೋ ವಕೀಲ ಹೆಂಡತಿ ಲಿಂಡಾ ಜೊತೆ ಕೊಯ್ನೋನಿಯಾಕ್ಕೆ ಬಂದ. ಮೂವತ್ತು ತುಂಬುವ ಮೊದಲೇ ಕೋಟ್ಯಧೀಶ. ಎಲ್ಲ ಹೆಂಡತಿ ಮಕ್ಕಳಿಗಾಗಿಯೇ ದುಡಿದದ್ದು, ಆ ದುಡಿತದಲ್ಲಿ ಅವರ ಜೊತೆ ಕೂರೋಕೇ ಬಿಡುವಿಲ್ಲ. ಹೆಂಡತಿ ಬಿಟ್ಟು ಹೋದಳು. ಅವಳನ್ನು ಹುಡುಕಿಕೊಂಡು ಹೋಗಿ, ಇಬ್ಬರೂ ಅತ್ತು, ಆಸ್ತಿಯೆಲ್ಲ ಕೊಟ್ಟುಬಿಡೋಣ ಅಂತ ತೀರ್ಮಾನ ಮಾಡಿಕೊಂಡರು. ಗೆಳೆಯರನ್ನು ನೋಡಿ ಹೋಗೋಕೆ ಅಂತ ಬಂದವರು ಜಾರ್ಡನ್ ಮಾತು ಕೇಳುತ್ತಾ ತಿಂಗಳು ಉಳಿದರು. ಸಂಸಾರಕ್ಕೆ ಅಂತಲೇ ದುಡಿದು ಸಂಸಾರ ಕಳೆದುಕೊಳ್ಳುತ್ತಿದ್ದವನಿಗೆ, ಸಂಸಾರವನ್ನೂ ಸೇವೆಯನ್ನೂ ಒಂದೇ ಮೇಜಿಗೆ ಕೂರಿಸಿಕೊಂಡವನು ಕಣ್ಣಿಗೆ ಬಿದ್ದ. 1968ರಲ್ಲಿ ಇಬ್ಬರೂ ಸೇರಿ ಕೊಯ್ನೋನಿಯಾದ ನೆಲದಲ್ಲಿ ಅರ್ಧರ್ಧ ಎಕರೆಯ 42 ನಿವೇಶನ ಗುರುತು ಮಾಡಿದರು. ಗೇಣಿಯ ಗುಡಿಸಲಲ್ಲಿದ್ದ ಕುಟುಂಬಗಳಿಗೆ ಗಟ್ಟಿ ಮನೆ. ಲಾಭ ಇಲ್ಲ, ಬಡ್ಡಿ ಇಲ್ಲ. ಇಪ್ಪತ್ತು ವರ್ಷ ತಿಂಗಳು ತಿಂಗಳು ಅಸಲು ಕಟ್ಟಿದರೆ ಮನೆ ಅವರದು, ಕಟ್ಟಿದ ಹಣ ಇನ್ನೊಬ್ಬರ ಮನೆಗೆ.

— ಹಸುವಿನ ಲೈಬ್ರರಿಯ ಲೆಕ್ಕವೇ ಇದು.

— ಅದೇ ತಲೆ. ಮೊದಲ ಮನೆ ಪೂರ್ತಿಯಾಗೋದನ್ನ ನೋಡೋಕೆ ಆತ ಇರಲಿಲ್ಲ. 1969ರ ಅಕ್ಟೋಬರ್ 29ರಂದು ಆ ಬರೆಯುವ ಗುಡಿಸಲಲ್ಲೇ ಹೃದಯ ನಿಂತಿತು. ಐವತ್ತೇಳು ವರ್ಷ. ಸಾವನ್ನು ದೃಢಪಡಿಸೋಕೆ ಅಧಿಕಾರಿ ಫಾರಂವರೆಗೆ ಬರಲಿಲ್ಲ. ಫುಲ್ಲರ್ ಶವವನ್ನು ಕಾರಿನಲ್ಲಿ ಪೇಟೆಗೆ ಒಯ್ಯಬೇಕಾಯಿತು. ಮೈಮೇಲೆ ಹೊಲದ ಬಟ್ಟೆ, ಶವಪೆಟ್ಟಿಗೆಗಳನ್ನು ಸಾಗಿಸುವ ಮರದ ಡಬ್ಬವೇ ಪೆಟ್ಟಿಗೆ, ಹೆಸರು ಕೆತ್ತಿದ ಕಲ್ಲಿಲ್ಲ.

— ಫ್ಲಾರೆನ್ಸ್?

— ಹೋಗಲಿಲ್ಲ. ಹೋಗಬಹುದಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ. 1987ರಲ್ಲಿ ತೀರಿಕೊಳ್ಳುವವರೆಗೆ ಕೊಯ್ನೋನಿಯಾದಲ್ಲೇ ಇದ್ದಳು. ಹದಿನೆಂಟು ವರ್ಷ. ಅಷ್ಟರಲ್ಲಿ ಫುಲ್ಲರ್ ದಂಪತಿ ಆ ಮನೆ ಕಟ್ಟುವ ಕ್ರಮವನ್ನು ಆಫ್ರಿಕಾದ ಜೈರ್‌ಗೆ ಒಯ್ದು ಬಂದು, 1976ರಲ್ಲಿ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಕಟ್ಟಿದ್ದರು. ಅದೇ ಸಮ್ಟರ್ ಕೌಂಟಿಯ ಪ್ಲೇನ್ಸ್‌ನವರಾದ ಜಿಮ್ಮಿ ಕಾರ್ಟರ್ ಅಧ್ಯಕ್ಷಗಿರಿ ಮುಗಿಸಿ ಅದರ ಕೆಲಸಕ್ಕೆ ಸುತ್ತಿಗೆ ಹಿಡಿದರು. 2006ರಲ್ಲಿ ಕಾರ್ಟರ್ ದಂಪತಿ ನಮ್ಮ ದೇಶಕ್ಕೂ ಬಂದು ಪುಣೆ ಹತ್ತಿರದ ಮಳವಲಿಯಲ್ಲಿ ಸ್ವಯಂಸೇವಕರ ಜೊತೆ ಮನೆ ಕಟ್ಟಿದರು.

— ಬೆಂಚು ಬಿಟ್ಟುಕೊಡದ ಸೀಮೆಯಿಂದಲೇ.

— ಅದೇ ಸೀಮೆಯಿಂದ. ಈಗ ಹೇಳು, ಅಪ್ಪ ಆದವನು ತಂದಿಡಬಹುದಾ ಅಂತ ಕೇಳಿದೆಯಲ್ಲ.

— ಪ್ರಶ್ನೆ ವಾಪಸ್ ತೆಗೆದುಕೊಳ್ಳಲ್ಲ ದೊಡ್ಡಪ್ಪ. ಫ್ಲಾರೆನ್ಸ್ ವಿಷಯದಲ್ಲಿ ಮಾತ್ರ ಬದಲಾಯಿಸ್ತೀನಿ. ಆಕೆಯದು ಆಕೆಯದೇ ಬದುಕು, ಇನ್ನು ಮೇಲೆ ನಾನು ಈ ಕಥೆ ಹೇಳಿದರೆ ಆಕೆಯ ಹೆಸರಿಂದ ಶುರು ಮಾಡ್ತೀನಿ. ಮಕ್ಕಳ ವಿಷಯದಲ್ಲಿ, ಆ ಮೂವರು ನ್ಯಾಯಾಲಯದ ಆದೇಶ ಹಿಡಿದು ತರಗತಿಗೆ ಹೋದ ಮೊದಲ ದಿನದ ಬಗ್ಗೆ ಅವರ ಬಾಯಿಂದಲೇ ಕೇಳಬೇಕು. ಅಪ್ಪನ ಬಗ್ಗೆ ಬರೆದವರು ಬಹಳ ಜನ ಸಿಗ್ತಾರೆ.

— ಕೊಯ್ನೋನಿಯಾದಲ್ಲಿ ಬೆಳೆದ ಮಕ್ಕಳು ಮುಂದೆ ಮಾತಾಡಿದ್ದಾರೆ. ಕಹಿಯನ್ನೂ ಮುಚ್ಚಿಟ್ಟಿಲ್ಲ. ನನ್ನ ಹತ್ತಿರ ಇರೋದನ್ನ ಕೊಡ್ತೀನಿ, ಓದಿ ನೀನೇ ಬರಿ.

— ಬರೀತೀನಿ. ನೀವು ಓದಿ, ಎಲ್ಲಿ ಒಪ್ಪಿಗೆಯಿಲ್ಲವೋ ಅಲ್ಲಿ ಗುರುತು ಹಾಕಿಕೊಡಿ.